ಅರ್ಧ ಗ್ರಾಂ

ಉಂಗುರದ ಬೆರಳು ಊದಿಕೊಂಡು ಆರು ದಿನ.
ಸೋಪು, ಹರಳೆಣ್ಣೆ, ನೂಲು ಸುತ್ತಿ ಎಳೆಯುವ ಅತ್ತಿಗೆಯ ಉಪಾಯ,
ಯಾವುದಕ್ಕೂ ಜಗ್ಗಲಿಲ್ಲ.
ರಾತ್ರಿ ಪಾಳಿ ಮುಗಿಸಿ ಸಾಲಗಾಮೆ ರಸ್ತೆಯಿಂದ ನೇರ
ಕಟ್ಟಿನಕೆರೆ ಮಾರುಕಟ್ಟೆಯ ಹಿಂದಿನ ಗಲ್ಲಿಗೆ ಬಂದೆ,
ಕಣ್ಣಲ್ಲಿನ್ನೂ ಪರದೆಯ ಹಸಿರು ಗೆರೆ.

ಮೊಗಣ್ಣಾಚಾರ್ ಅಂಗಡಿ ಮುಂದೆ ನೀರು ಚಿಮುಕಿಸುತ್ತಿದ್ದರು.
ಬೆರಳು ಹಿಡಿದು ನೋಡಿ,
'ಇದು ನಮ್ಮಪ್ಪನ ಕೈಕೆಲಸ' ಅಂದರು.
'ಬೆಸುಗೆ ಎಲ್ಲೈತೆ ಅಂತ ನಂಗೂ ಕಾಣಾಕಿಲ್ಲ ನೋಡಿ.'
ಮೊದಲ ಸಂಬಳದ ಉಂಗುರ.
ಯಾರೂ ತೊಡಿಸಿದ್ದಲ್ಲ, ನಾನೇ ತೊಟ್ಟಿದ್ದು.

ನಿನ್ನೆ ಒಂದೂವರೆಗೆ ಶುರುವಾಯಿತು.
ಎರಡು ದಿನದ ಹಿಂದೆ ಸೂರ್ಯ ಉಗುಳಿದ್ದು ಬಂದು ಬಡಿದು
ಭೂಮಿಯ ಸೊಂಟದ ಸುತ್ತ
ಕಣಗಳು ಓಡತೊಡಗಿದವು:
ಧನದವು ಪಡುವಣಕ್ಕೆ, ಎಲೆಕ್ಟ್ರಾನುಗಳು ಮೂಡಣಕ್ಕೆ.
ಎದುರುಬದುರು ಓಡಿದರೂ
ಕರೆಂಟಿನ ಲೆಕ್ಕದಲ್ಲಿ ಎರಡೂ ಒಂದೇ ದಿಕ್ಕು.
ಕೆಳಗೆ ನೆಲದ ಅಯಸ್ಕಾಂತ ಒಂದು ಎಳೆಯಷ್ಟು ಸೊರಗಿತು.
ಹಾಸನದಲ್ಲಿ ಯಾರಿಗೂ ತಿಳಿಯಲಿಲ್ಲ.
ಹಾಲಿನ ವ್ಯಾನು ಹೊತ್ತಿಗೆ ಸರಿಯಾಗಿ ಬಂತು.
ನನ್ನ ಪಾಲಿನ ಮುದಿ ಉಪಗ್ರಹ ಮಾತ್ರ
ಮೈಮೇಲೆ ಚಾರ್ಜು ಕೂರಿಸಿಕೊಂಡು
ಹೀಟರನ್ನು ತಾನೇ ಆರಿಸಿಕೊಂಡಿತ್ತು.
ಮೂರು ಸಲ ಕೂಗಿದ ಮೇಲೆ ಹೂಂ ಅಂದಿತು.

'ಭೂಮಿಗೂ ಉಂಗುರ ಬಿಗೀತಾ?'
ಅರ ಹುಡುಕುತ್ತಾ ಕೇಳಿದರು ಆಚಾರ್.

ಹೇಳಲು ಹೋದರೆ ನುಸಿಗುಳಿಗೆಯಿಂದ ಶುರು ಮಾಡಬೇಕು.
ಸರ್ವಮಂಗಳಾ ಮಿಸ್ಸು ಕ್ಲಾಸಿಗೆ ಒಂದು ಗುಳಿಗೆ ತಂದು ಮೂಸಿಸಿ
ಬೋರ್ಡಿನ ಮೇಲೆ ಆರು ಮೂಲೆಯ ಮನೆ ಬರೆದರು,
ಪಕ್ಕಕ್ಕೆ ಗೋಡೆ ಹಂಚಿಕೊಂಡ ಇನ್ನೊಂದು.
ಒಳಗೊಂದು ಸೊನ್ನೆ ಸುತ್ತಿ, 'ಇದು ಸೀಮೆಸುಣ್ಣ ಅಲ್ಲ ಕಣ್ರೇ,
ಓಡ್ತಿರೋವ್ರು' ಅಂದರು.
ಯಾವ ಎಲೆಕ್ಟ್ರಾನು ಯಾರದೆಂದು ಅಲ್ಲಿ ಕೇಳುವ ಹಾಗಿಲ್ಲ.
ಅಯಸ್ಕಾಂತ ಹತ್ತಿರ ತಂದರೆ ಸುತ್ತುತ್ತವೆ.
ಸುತ್ತುತ್ತಿವೆ ಅಂತ ಗೊತ್ತಾಗುವುದು
ಮೂಲೆಗೆ ಅಂಟಿಕೊಂಡು ಹೊರಗೇ ನಿಂತ ಹೈಡ್ರೋಜನ್ನಿನಿಂದ:
ಅದಕ್ಕೆ ಒಳಗಿನ ಸದ್ದು ಕೇಳಿ
ಅದರ ಗೆರೆ ಕಾಗದದಲ್ಲಿ ಒಂದಿಷ್ಟು ಸರಿದು ನಿಲ್ಲುತ್ತದೆ.

ಆಚಾರ್‌ಗೆ ಇಷ್ಟೆಲ್ಲ ಹೇಳಲಿಲ್ಲ. ಚಿನ್ನದ ಮಾತಷ್ಟೇ ಹೇಳಿದೆ.
ಕೂದಲ ದಪ್ಪದಲ್ಲಿ ನೂರನೇ ಪಾಲಿನ ಉಂಗುರ ಮಾಡುವವರಿದ್ದಾರೆ.
ಚಳಿಗಿಂತ ಆಚೆಯ ಚಳಿಯಲ್ಲಿ ಇಟ್ಟರೆ
ಬ್ಯಾಟರಿ ಇಲ್ಲದೆ, ತಳ್ಳುವವರಿಲ್ಲದೆ
ಅದರಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ.
ಒಂದೇ ಷರತ್ತು:
ಒಂದು ಸುತ್ತು ಹೋಗಿ ಬಂದ ಎಲೆಕ್ಟ್ರಾನಿಗೆ
ಹೊರಟ ಹೆಜ್ಜೆ ನೆನಪಿರಬೇಕು.

ಅವರ ಕೈ ನಿಂತಿತು.
'ಹಂಗಾರೆ ಇದ್ರಾಗೂ ಹರೀತಿತ್ತಾ, ಇಷ್ಟು ವರ್ಷ?'

ಇಲ್ಲ. ಇದು ತೀರಾ ದೊಡ್ಡದು. ಬೆಚ್ಚಗಿದೆ.
ಅಲ್ಲಿ ಇಲ್ಲಿ ಡಿಕ್ಕಿ ಹೊಡೆದು
ಕಾಲು ದಾರಿಗೇ ಮರೆತುಬಿಡುತ್ತವೆ.

'ಅಪ್ಪನೂ ಕೊನೆಗೆ ಹಂಗೇ ಆಗಿದ್ದ' ಅಂದರು.
'ಪೇಟೆಗೆ ಅಂತ ಹೊರಟು ಪಾರ್ಕಿನ ತಾವ ಕೂತ್ಕಂಬುಡೋನು.
ಕೈಗೆ ಉಂಗ್ರ ಕೊಟ್ರೆ ಮಾತ್ರ
ಬೆಸುಗೆ ತಾವ್ಕೇ ಬೆರಳು ಹೋಗದು.'
ಆಮೇಲೆ ಬೆರಳಿಗೂ ಚಿನ್ನಕ್ಕೂ ನಡುವೆ
ತೆಳ್ಳನೆ ತಗಡು ತೂರಿಸಿ
ಅರ ಆಡಿಸಿದರು. ಹಳದಿ ಪುಡಿ ಕಾಗದಕ್ಕೆ ಉದುರಿತು.
ಟಿಕ್.

ಕೊಯ್ದದ್ದು ಅವರಪ್ಪನ ಬೆಸುಗೆಯ ಮೇಲೇ ಇರಬೇಕು,
ಒಂದು ತುದಿಯಲ್ಲಿ ಬಣ್ಣ ಬೇರೆಯಿತ್ತು.
ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು
ಬಹಳ ಹೊತ್ತು ನೋಡಿದರು.
ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

'ಅರ್ಧ ಗ್ರಾಂ ಸೇರಿಸ್ಬೇಕು. ಶುಕ್ರವಾರ ಬನ್ನಿ.
ಕಾಣದಂಗೆ ಹಾಕ್ಲಾ?'

ಕಾಣಲಿ ಬಿಡಿ, ಅಂದೆ.

ಶುಕ್ರವಾರದ ಹೊತ್ತಿಗೆ ಮೇಲಿನದೂ ಕರಗಿರುತ್ತದೆ.
ಒಂದೊಂದೇ ಕಣ, ದಾರಿಯಲ್ಲಿ ಸಿಕ್ಕ ಹೈಡ್ರೋಜನ್ನಿನಿಂದ
ಒಂದು ಎಲೆಕ್ಟ್ರಾನು ಕಸಿದುಕೊಂಡು, ಸುತ್ತು ಬಿಟ್ಟು,
ಸೀದಾ ಎತ್ತಲೋ ಹೊರಟುಹೋಗುತ್ತದೆ.
ನಮ್ಮ ಗೆರೆ ಮೆಲ್ಲಗೆ ಹಳೆಯ ಜಾಗಕ್ಕೆ ಏರುತ್ತದೆ.

ಆಟೋದಲ್ಲಿ ಕೂತಾಗ ಗಮನಿಸಿದೆ:
ಬೆರಳ ಬುಡದಲ್ಲಿ ಬಿಸಿಲು ಕಾಣದ ಬಿಳಿ ಪಟ್ಟಿ,
ಅದರ ಮೇಲೆ ನನ್ನ ಹೆಬ್ಬೆರಳು
ಇಪ್ಪತ್ತು ವರ್ಷದ ರೂಢಿಯಲ್ಲಿ
ಏನನ್ನೋ ತಿರುಗಿಸುತ್ತಾ ಇದೆ.