ದೋಣಿ ಇನ್ನೂ ಬಂದಿಲ್ಲ

ಸೆತೂಬಲ್‌ನ ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ
ಬುಧವಾರ ಸಂಜೆ ಆರಕ್ಕೆ ನಾವು ಏಳು ಜನ.
ಮಡಚುವ ಕುರ್ಚಿ, ಆರಿದ ಕಾಫಿ,
ಕೆಳಗೆ ಹುಡುಗರು ಲಾರಿ ತೊಳೆಯುವ ಸದ್ದು.

ಕಲಿಸುವವಳು ಗ್ರಾಸಿಯೆತ್,
ಲಿಸ್ಬನ್ನಿನ ನನ್ನ ಮಗಳಿಗಿಂತ ಚಿಕ್ಕವಳು.
ಮೊದಲ ವಾರವೇ ಹೇಳಿಬಿಟ್ಟಳು:
"ನೆನಪಿದೆಯಾ ಅಂತ ಕೇಳಬೇಡಿ. ತಿದ್ದಬೇಡಿ."
ನಾನೋ, ಮೂವತ್ತೆಂಟು ವರ್ಷ ಬಸ್ಸಿನಲ್ಲಿ
ಟಿಕೆಟ್ ಎಲ್ಲಿ, ಎಲ್ಲಿ ಹತ್ತಿದೆ, ಇದು ನಿನ್ನೆಯದಲ್ಲವಾ
ಎಂದು ಕೇಳಿಯೇ ಹೊಟ್ಟೆ ಹೊರೆದವನು.

ಅಮ್ಮನ ಚಪ್ಪಲಿ ಫ್ರಿಜ್ಜಿನಲ್ಲಿ ಸಿಕ್ಕ ಕತೆ ಹೇಳಿದಳು ಒಫೇಲಿಯಾ.
ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು.
"ಮೊನ್ನೆ ಅಪ್ಪನ ಮೇಲೆ ಕೈ ಎತ್ತಿದೆ" ಅಂದ ಕಾಸಿಮಿರೊ.
ಯಾರೂ ಏನೂ ಅನ್ನಲಿಲ್ಲ.
ಬಿಸ್ಕತ್ತಿನ ತಟ್ಟೆ ಮೆಲ್ಲಗೆ ಅವನತ್ತ ಸರಿಯಿತು.

ನನ್ನ ಸರದಿ.
ದೆವೊಲಿಂದಾ ರಾತ್ರಿ ಎರಡಕ್ಕೆ ಏಳುತ್ತಾಳೆ.
ಸೈರನ್ ಕೂಗಿತು, ಬೂತಾಯಿ ಬಂತು, ನನ್ನ ಏಪ್ರನ್ ಎಲ್ಲಿ?
ಫ್ಯಾಕ್ಟರಿ ಮುಚ್ಚಿ ಎಷ್ಟು ವರ್ಷವಾಯಿತೇ, ಅನ್ನುತ್ತೇನೆ.
ದಿನಾ ರಾತ್ರಿ ಅವಳ ಕೆಲಸ
ಆಗತಾನೇ ಹೋಗುತ್ತದೆ.
ದಿನಾ ರಾತ್ರಿ ಹೊಸ ಅಳು.

ಗ್ರಾಸಿಯೆತ್ ಶಾಲು ಹೊದ್ದು ಬಾಗಿಲಲ್ಲಿ ನಿಂತಳು:
"ದಾರಿ ಬಿಡು, ಹೊತ್ತಾಯಿತು."
ಮೂರು ಸಲ ಸೋತೆ.
ನಾಲ್ಕನೆಯ ಸಲ ಒಫೇಲಿಯಾ, ಬೆಸ್ತರ ಮಗಳು,
ಹಿಂದಿನಿಂದ ಪಿಸುಗುಟ್ಟಿದಳು: "ಗಾಳಿ ಅನ್ನಿ, ಗಾಳಿ."

ಗುರುವಾರ. ಎರಡು ಗಂಟೆ ಹತ್ತು ನಿಮಿಷ.
"ಗಾಳಿ ಎದುರಾಗಿದೆ ದೆವೊಲಿಂದಾ. ದೋಣಿ ಇನ್ನೂ ಬಂದಿಲ್ಲ."
ಕಿವಿಗೊಟ್ಟಳು. ಇರಬಹುದು ಅನ್ನಿಸಿತೇನೋ,
ಅಡಿಗೆಮನೆಯಲ್ಲಿ ಕೂತು
ಡ್ರಾಯರಿನ ಚಮಚಗಳನ್ನೆಲ್ಲ ತೆಗೆದು
ತಗಡಿನ ಡಬ್ಬಿಯೊಳಗೆ ತಲೆಗೆ ಬಾಲ, ಬಾಲಕ್ಕೆ ತಲೆ
ಒತ್ತಾಗಿ ಜೋಡಿಸತೊಡಗಿದಳು.
ಏನು ಚುರುಕು ಆ ಬೆರಳು!
ಬೆಳಿಗ್ಗೆ ಒಂದು ಗುಂಡಿ ಹಾಕಲಾಗದೆ ನನಗೆ ಒಡ್ಡಿದ ಬೆರಳು.

ನಾನೂ ಒಂದಿಟ್ಟೆ.
ತೆಗೆದಳು, ತಿರುಗಿಸಿದಳು, ಇಟ್ಟಳು.
"ಹೊಸಬನಾ?"

ಐವತ್ತೊಂದು ವರ್ಷದ ಸಂಸಾರ ಗಂಟಲವರೆಗೆ ಬಂತು.
ಎಲ್ಲ ಟಿಕೆಟ್ಟೂ ನನ್ನ ಹತ್ತಿರ ಇದ್ದವು, ತೋರಿಸಬಹುದಿತ್ತು.
"ಹೌದು," ಅಂದೆ. "ಇವತ್ತೇ ಸೇರಿದ್ದು."

"ಬೆರಳು ಒದ್ದೆ ಮಾಡಿಕೋ," ಅಂದಳು.
"ಮೇಸ್ತ್ರಿ ಬಂದಾಗ ಮಾತಾಡಬೇಡ.
ಕೈ ನಿಧಾನ ನಿಂದು. ಇರಲಿ ಬಿಡು,
ಎಲ್ಲರಿಗೂ ಮೊದಮೊದಲು ಹಾಗೇ."