ಕಂತು

ಬೇರೆಯಾಗುವುದೆಂದು ಶ್ರಾವಣದಲ್ಲೇ ಮಾತಾಗಿತ್ತು.
ಆದರೆ ಭೋಗ್ಯದ ನಾಲ್ಕು ಲಕ್ಷ ಓನರ್ ಕೈಯಲ್ಲಿ;
ಯುಗಾದಿ ಕಳೆಯದೆ ಆಗಲ್ಲ ಅಂದರು ಪರಮೇಶಪ್ಪ.
ಹಾಗಾಗಿ ಇದ್ದೆವು, ಸಾಲಗಾಮೆ ರಸ್ತೆಯ ಎರಡು ಕೋಣೆಯಲ್ಲಿ,
ಒಂದೇ ಕುಕ್ಕರಿನೊಳಗೆ
ಎರಡು ಪಾತ್ರೆ.

ಟೀವಿಗೆ ಅದನ್ನು ಹಾಕಿಕೊಟ್ಟು ಹೋದವಳು ಅಕ್ಕನ ಮಗಳು ಇಂಚರ,
"ಕಾರ್ಟೂನಲ್ಲ ಚಿಕ್ಕಿ, ಅನಿಮೆ" ಎಂದು ತಿದ್ದಿ.
ಜಪಾನಿನ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ.
ಅವಳು ಕತ್ತರಿಗೂದಲವಳು,
ಅವನು ಸೈಕಲ್ಲಿನವನು.

ಮೊದಲ ಮೂರು ಕಂತು ಬರೀ ಹೂ ಉದುರುವುದು,
ರೈಲ್ವೆ ಗೇಟು, ಕೆಂಪಾದ ಕೆನ್ನೆ.
ಧರ್ಮೇಶ ಆಕಳಿಸಿದ.
ನಾಲ್ಕರಲ್ಲಿ ಮದುವೆ.
ಇನ್ನೇನು, ಮುಗೀತು ಅಂದುಕೊಂಡರೆ
ಐದರಲ್ಲಿ ಸಿಂಕಿನ ಮುಂದೆ ಅವಳ ಬೆನ್ನು.
ಮ್ಯೂಸಿಕ್ಕೇ ಇಲ್ಲ. ನಲ್ಲಿಯ ಸದ್ದು.
ಒಂದು ನಿಮಿಷ, ಬರೀ ಬೆನ್ನು.
ಅವನು ಕಾಲು ಮಡಚಿ ಸರಿಯಾಗಿ ಕೂತ.

ಅಡಿಬರಹವೆಲ್ಲ ಇಂಗ್ಲಿಷು.
ಲೈನ್‌ಮನ್ನಿಗೆ ಅಷ್ಟು ಬೇಗ ಓದಲಾಗದೆಂದು
ನಾನು ಕನ್ನಡಕ್ಕೆ ತರುತ್ತಿದ್ದೆ,
ಲ್ಯಾಬಿನಲ್ಲಿ ರಿಪೋರ್ಟು ಓದಿ ಹೇಳುವ ದನಿಯಲ್ಲಿ.
ಕೆಲಸ ಹೋದದ್ದನ್ನು ಸೈಕಲ್ಲಿನವನು ಮುಚ್ಚಿಟ್ಟಿದ್ದಾನಂತೆ.
ಅವಳು ಕಟ್ಟಿದ ಡಬ್ಬಿಯನ್ನು ಪಾರ್ಕಿನಲ್ಲಿ ಕೂತು ತಿಂದು
ಸಂಜೆ ಸುಸ್ತಾದವನಂತೆ ಬರುತ್ತಾನಂತೆ.
ಸೊಸೈಟಿಯಲ್ಲಿ ಗೆಳೆಯನಿಗೆ ಜಾಮೀನು ನಿಂತು
ಎರಡು ವರ್ಷ ಬಾಯಿ ಬಿಡದವನು
ನನ್ನ ಪಕ್ಕದಲ್ಲೇ ಕೂತು
"ಹೇಳಿಬಿಡಬೇಕಿತ್ತು ಪಾಪಿ" ಅಂದ, ಟೀವಿಗೆ.

ಏಳರಲ್ಲಿ ಅವಳು ಬೇರೊಬ್ಬನ ಜೊತೆ ಟೀ ಕುಡಿದಳು.
ಅದನ್ನು ನಾನು ಕನ್ನಡ ಮಾಡಲಿಲ್ಲ.
ಚಿತ್ರ ತಾನೆ, ಗೊತ್ತಾಗುತ್ತೆ.

ಎಂಟರಲ್ಲಿ ಅವನ ಅಮ್ಮನಿಗೆ ಮರೆವು.
ತಲೆ ಬಾಚುತ್ತಿದ್ದವಳನ್ನು ಮುದುಕಿ ಕೇಳಿತು:
"ನೀನು ಯಾರ ಪೈಕಿಯಮ್ಮ?"
ಇದೊಂದು ಮಾತು ತಡವರಿಸದೆ ಬಂತು
ಹುಟ್ಟಿದ್ದೇ ಹಾಸನದಲ್ಲಿ ಅನ್ನುವಂತೆ.

ಒಂಬತ್ತರಲ್ಲಿ ಕತ್ತರಿಗೂದಲವಳು ಗೋಡೆಗೆ ಮುಖ ಮಾಡಿ ಅಂದಳು,
ನನಗೆ ನಿನ್ನಿಂದ ಸಾಕಾಗಿದೆ.
"ಸಾಕಾಗಿದೆಯಂತೆ," ಅಂದೆ.
ಕರೆಂಟು ಹೋಯಿತು.
ಕಿಟಕಿಗೆ ಹೋಗಿ ಯಾವ ಫೀಡರ್ ಎಂದು ಹೇಳಿಬಿಡುವವನು
ಅವತ್ತು ಕೂತೇ ಇದ್ದ.
"ನಿನ್ನಿಂದ ಅನ್ನೋದು ಬಿಟ್ಟೆ ನೀನು."

ಓದಲು ಬರುತ್ತಿತ್ತು ಅವನಿಗೆ, ಮೊದಲಿನಿಂದಲೂ.
ನನ್ನ ದನಿ ಕೇಳಲೆಂದು ಸುಮ್ಮನಿದ್ದನೋ,
ಎಲ್ಲಿ ಸುಳ್ಳು ಹೇಳುತ್ತೇನೆಂದು ಕಾದಿದ್ದನೋ,
ಕೇಳಲಿಲ್ಲ.

ಆ ವಾರ ಹಾಸನಾಂಬೆಯ ಬಾಗಿಲು ತೆಗೆದಿತ್ತು.
ಕ್ಯೂ ಲೈಟಿನ ಡ್ಯೂಟಿ ಮುಗಿಸಿ ನಸುಕಿಗೆ ಬಂದವನು
ಸೊಸೆಕಲ್ಲಿನ ಮಾತು ತೆಗೆದ.
ವರ್ಷಕ್ಕೊಂದು ಅಕ್ಕಿಕಾಳಷ್ಟು
ಅಮ್ಮನ ಕಡೆಗೆ ಜರುಗುತ್ತದಲ್ಲ, ಆ ಕಲ್ಲು.
"ಅಳೆದವರು ಯಾರು?" ಅಂದೆ.
ಇಬ್ಬರೂ ನಕ್ಕೆವು.
ನಕ್ಕಿದ್ದಕ್ಕೆ ಮುಜುಗರವಾಗಿ ಅವನು ಸ್ನಾನಕ್ಕೆ ಹೋದ,
ನಾನು ಹಾಲು ಉಕ್ಕಿಸಿದೆ.

ಹನ್ನೊಂದರಲ್ಲಿ ಮೇಜಿನ ಮೇಲೆ ಹಸಿರು ಗೆರೆಯ ಕಾಗದ.
ಅವಳ ಸಹಿ ಇತ್ತು. ಅವನದಕ್ಕೆ ಜಾಗ ಇತ್ತು.
ಉಳಿದದ್ದೊಂದೇ ಕಂತು.
ನಾಳೆ ನೋಡೋಣ, ಅಂದ.
ನಾಳೆ, ಅಂದೆ.
ಆ ನಾಳೆ ಯುಗಾದಿಯ ತನಕ ಎಳೆಯಿತು.

ಪರಮೇಶಪ್ಪ ಎಂಜಲು ಮುಟ್ಟಿ ಎಣಿಸಿ ಕೊಟ್ಟರು. ಎರಡು, ಎರಡು.
ಕುಕ್ಕರು ನನಗೆ, ಟೀವಿ ಅವನಿಗೆ.
ಬೇವುಬೆಲ್ಲದ ಬಟ್ಟಲು ಯಾರ ಕಡೆಯದೆಂದು
ನೆನಪಾಗದೆ ಅಲ್ಲೇ ಬಿಟ್ಟೆವು.

ಮೊನ್ನೆ ರಾತ್ರಿ ಫೋನು.
ಕಂಬದಿಂದ ಇಳಿದ ಏದುಸಿರು ಇನ್ನೂ ಇತ್ತು ದನಿಯಲ್ಲಿ.
"ಹನ್ನೆರಡು ನೋಡಿದ್ಯಾ?"
"ಇಲ್ಲ."
"ನಾನೂ ಇಲ್ಲ. ಓದಿ ಹೇಳೋರಿಲ್ಲ."
ಆಲೂಗಡ್ಡೆಯ ಲಾರಿಯೊಂದು ಹಾದುಹೋಯಿತು,
ಅವನ ಕಡೆಯೋ, ನನ್ನ ಕಡೆಯೋ.
ಸದ್ದು ಸವೆಯುವ ತನಕ ಇಬ್ಬರೂ ಕಾದೆವು.

ನೋಡಿದ್ದೆ.
ಎರಡು ಸಲ.