ಚಾಕಿನ ಗೆರೆ

ಕತ್ತರಿಸುವ ಮೇಜಿನ ಮೇಲೆ
ಜಸಿಂತಾ ಚಾಕಿನಲ್ಲಿ ಉದ್ದಕ್ಕೆ ಗೆರೆ ಎಳೆದಳು:
ಈ ತುದಿ ಶಿವಮೊಗ್ಗ ಟೌನು, ಆ ತುದಿ ತಾಳಗುಪ್ಪ.
ನಡುವೆ ಗುಂಡಿ ಇಟ್ಟ ಹಾಗೆ
ಕುಂಸಿ, ಅರಸಾಳು, ಆನಂದಪುರ, ಸಾಗರ.

‘ಎಡಗಡೆ ಕಿಟಕಿ ನಂದು’ ಅಂದೆ.
‘ಬರುವಾಗ ಅದೇ ಬಲಗಡೆ ಆಗುತ್ತೆ ಕಣೇ.’
ಚಿತ್ರಾನ್ನ ಅವಳದು, ಫ್ಲಾಸ್ಕು ನನ್ನದು.
ಮಳೆಗಾಲದಲ್ಲಿ ಮಂಜು, ಜೋಗ ಕಾಣಲ್ಲ;
ಬೇಸಿಗೆಯಲ್ಲಿ ಕಾಣೋಕೆ ಜೋಗವೇ ಇರಲ್ಲ;
ದಸರಾಕ್ಕೆ ತಲೆ ಎತ್ತೋಕೆ ಬಿಡುವಿಲ್ಲ,
ಕ್ರಿಸ್‌ಮಸ್ಸಿಗೆ ಅವಳ ಚರ್ಚಿನ ಮಕ್ಕಳ ಫ್ರಾಕು.
ಹಾಗಾದರೆ ಜನವರಿ.
ಸಂಕ್ರಾಂತಿ ಕಳೆದರೆ ಮದುವೆ ಬ್ಲೌಸು ಶುರು.

ಅಷ್ಟರಲ್ಲಿ ದುರ್ಗಿಗುಡಿಯ ಸುಗುಣಾ ಟೀಚರು ಬಂದು
ಎರಡೂವರೆ ಮೀಟರ್ ನೀಲಿ ಹಾಸಿದರು,
ಸರಿಯಾಗಿ ಆನಂದಪುರದ ಮೇಲೆ.

ಸಂಜೆ ಬಟ್ಟೆ ಎತ್ತಿದರೆ
ಮೇಜಿನಲ್ಲಿ ಗೆರೆಯಿಲ್ಲ.
ಒಳಮಗ್ಗುಲಿಗೆ ಹತ್ತಿಕೊಂಡಿದೆ, ಹಿಂದುಮುಂದಾಗಿ,
ತಾಳಗುಪ್ಪದಿಂದ ಶಿವಮೊಗ್ಗಕ್ಕೆ.
ಹೋಗದೆಯೇ ವಾಪಸು ಬಂದಿದ್ದೆವು.

‘ಒಗೆದರೆ ಹೋಗುತ್ತೆ’ ಅಂದಳು. ಹೊಲಿದೆ.

ಈಗ ಟೀಚರು ಸ್ಕೂಲಿಗೆ ನಡೆಯುವಾಗ
ಅವರ ಬೆನ್ನಿನೊಳಗೆ ನಮ್ಮ ಪ್ಯಾಸೆಂಜರ್
ಕುಂಸಿ ದಾಟುತ್ತಿರುತ್ತದೆ.
ಎಡಗಡೆ ಕಿಟಕಿ ಯಾರದೆಂದು
ಇನ್ನೂ ತೀರ್ಮಾನವಾಗಿಲ್ಲ.